ಐದೇ ಮೀನಿಗೆ 153



ಮಕ್ಕಳ ಧರ್ಮೋಪದೇಶ ದಿನಕ್ಕೆ ಈ ಸಲ ಕಂಪ್ಯೂಟರ್ ಆಟ ಮಾಡಿ ತೋರಿಸುತ್ತೇವೆ ಎಂದು ಯುವಜನರ ಸಭೆಯಲ್ಲಿ ಒಪ್ಪಿಕೊಂಡವರು ನಾವೇ. ಮರು ಭಾನುವಾರ ಪೂಜೆಯ ಕೊನೆಗೆ ಫಾದರ್ ಅದನ್ನು ಪ್ರಕಟಿಸಿಯೂ ಬಿಟ್ಟರು. ಬಿಎಸ್ಸಿ ಆದವರಿಗೆ ಇದೆಲ್ಲ ಏನು ಮಹಾ ಎಂದು ಎಲ್ಲರೂ ತಿಳಿದಿದ್ದರು. ನಮ್ಮ ಬಿಎಸ್ಸಿ ಸಸ್ಯಶಾಸ್ತ್ರದ್ದು. ಅದನ್ನು ಹೇಳುವ ಧೈರ್ಯ ಆಗ ಬರಲಿಲ್ಲ.

ಕಥೆ ಆರಿಸಿದ್ದು ಯೊವಾನ್ನರ ಶುಭಸಂದೇಶದ 21ನೇ ಅಧ್ಯಾಯದಿಂದ. ರಾತ್ರಿಯಿಡೀ ಬಲೆ ಬೀಸಿ ಏನೂ ಸಿಗದವರಿಗೆ ಬೆಳಗಾಗುವಾಗ 153 ದೊಡ್ಡ ಮೀನು. ಕಾಸರಗೋಡಿನ ಕಡಲ ಬದಿಯ ಮಕ್ಕಳಿಗೆ ಬಲೆ, ಮೀನು ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಸ್ಕ್ರ್ಯಾಚ್ ಎಂಬ ಉಚಿತ ತಂತ್ರಾಂಶ ಹಿಡಿದೆವು. ಅದರಲ್ಲಿ ಕೋಡ್ ಟೈಪ್ ಮಾಡಬೇಕಾಗಿಲ್ಲ, ಬಣ್ಣಬಣ್ಣದ ತುಂಡುಗಳನ್ನು ಒಂದಕ್ಕೊಂದು ಸಿಕ್ಕಿಸಿದರೆ ಸಾಕು. ನೋಡಲು ಮಕ್ಕಳಾಟ. ಆದರೆ ಬಲೆಯನ್ನು ಅತ್ತಿತ್ತ ಓಡಿಸುವುದಕ್ಕೇ ನಮಗೆ ಒಂದು ವಾರ ಹಿಡಿಯಿತು. 'ಎಕ್ಸ್ ಅನ್ನು 10 ಹೆಚ್ಚಿಸು' ಎನ್ನುವ ಕಡೆ 'ಎಕ್ಸ್ ಅನ್ನು 10 ಮಾಡು' ಎನ್ನುವ ತುಂಡು ಹಾಕಿದ್ದೆವು. ಬಲೆ ಒಮ್ಮೆ ಹಾರಿ ಅಲ್ಲೇ ನಿಂತುಬಿಡುತ್ತಿತ್ತು.

ನಿಜವಾದ ತಲೆನೋವು ಆಮೇಲೆ. ಮೀನು ಬಲೆಗೆ ತಾಗಿದರೆ ಅಂಕ ಒಂದು ಏರಬೇಕು. ನಮ್ಮದರಲ್ಲಿ ಒಂದು ಮೀನಿಗೆ ಒಮ್ಮೆ 28, ಒಮ್ಮೆ 33. ಐದೇ ಮೀನಿಗೆ 153 ದಾಟಿತು! ಎಷ್ಟು ವಿಡಿಯೋ ನೋಡಿದರೂ ತಪ್ಪು ಎಲ್ಲಿ ಎಂದು ತಿಳಿಯಲಿಲ್ಲ. ಲ್ಯಾಪ್‌ಟಾಪ್ ಹಾಳಾಗಿದೆ ಎಂದು ಹೇಳಿ ತಪ್ಪಿಸಿಕೊಳ್ಳುವ ಮಾತೂ ನಮ್ಮೊಳಗೆ ಬಂತು. ಫಾದರ್ ಇದನ್ನು ಓದುತ್ತಿದ್ದರೆ ಕ್ಷಮಿಸಬೇಕು.

ಇಲ್ಲಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಕೇರಳ ಸರಕಾರದ ಐಟಿ ಪಾಠಪುಸ್ತಕ ಕನ್ನಡದಲ್ಲೇ ಬರುತ್ತದೆ. ಹೈಸ್ಕೂಲುಗಳಲ್ಲಿ 'ಲಿಟ್ಲ್ ಕೈಟ್ಸ್' ಎಂಬ ಮಕ್ಕಳ ಕೂಟ ಉಂಟು, ಅಲ್ಲಿ ಸ್ಕ್ರ್ಯಾಚ್ ಕಲಿಸುತ್ತಾರೆ. ನಮ್ಮ ಧರ್ಮೋಪದೇಶಕ್ಕೆ ಬರುವ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಆ ಕೂಟದವಳು ಎಂದು ನಮಗೆ ಮೊದಲೇ ಗೊತ್ತಿತ್ತು. ಆದರೆ ಪ್ರತಿ ಭಾನುವಾರ ನಾವು ಪ್ರಶ್ನೆ ಕೇಳುವ ಮಗುವಿನ ಹತ್ತಿರ ನಾವೇ ಪ್ರಶ್ನೆ ಹಿಡಿದುಕೊಂಡು ಹೋಗುವುದು ಹೇಗೆ? ಹೀಗೇ ಹತ್ತು ದಿನ ಕಳೆದೆವು. ಇನ್ನು ಒಂದೇ ವಾರ ಉಳಿದಾಗ ಹೋದೆವು.

ಅವಳು ಎರಡು ನಿಮಿಷ ನೋಡಿದಳು. "ಅಣ್ಣ, ಇದು ಒಂದೇ ಮೀನನ್ನು ಎಣಿಸ್ತಾ ಇರ್ತದೆ. ಮೀನು ಬಲೆಗೆ ತಾಗಿಕೊಂಡೇ ಉಂಟಲ್ಲ?"

ಸ್ಕ್ರ್ಯಾಚ್ 'ತಾಗಿದೆಯೇ?' ಎಂದು ಸೆಕೆಂಡಿಗೆ 30 ಸಲ ನೋಡುತ್ತದಂತೆ. ಪ್ರತಿ ಸಲವೂ ಉತ್ತರ ಹೌದು, ಪ್ರತಿ ಸಲವೂ ಒಂದು ಅಂಕ. ಅಂಕ ಏರಿದ ಕೂಡಲೇ ಮೀನನ್ನು ಪರದೆಯ ಬಲ ಅಂಚಿಗೆ, ಬೇರೆ ಎತ್ತರಕ್ಕೆ ಕಳಿಸುವ ಒಂದು ತುಂಡನ್ನು ಅವಳು ಸಿಕ್ಕಿಸಿದಳು. ಅಷ್ಟೇ. "ಹಸಿರು ಬಾವುಟ ಒತ್ತುವಾಗ ಅಂಕ ಸೊನ್ನೆ ಮಾಡ್ಲಿಕ್ಕೂ ಮರೆತಿದ್ದೀರಿ" ಎಂದು ಅದನ್ನೂ ಸರಿ ಮಾಡಿದಳು.

ಆ ದಿನ ಮೈಕಿನಲ್ಲಿ ಅವಳ ಹೆಸರನ್ನೇ ಮೊದಲು ಹೇಳಿದೆವು. ಸಸ್ಯಶಾಸ್ತ್ರದ ವಿಷಯವನ್ನೂ ಹೇಳಿದೆವು. ಫಾದರ್ ಜೋರಾಗಿ ನಕ್ಕರು.

ಮೂರನೇ ತರಗತಿಯ ಒಬ್ಬ ಹುಡುಗ ಮಾತ್ರ ಹಿಂದೆ ಸಾಲು ಬೆಳೆದರೂ ಕುರ್ಚಿ ಬಿಡಲಿಲ್ಲ. ಕೊನೆಗೆ ಎದ್ದು ನಿಂತು ಕೂಗಿದ: "ಫಾದರ್, 154! ಒಂದು ಮೀನು ಹೆಚ್ಚಾಯ್ತು!"

153ಕ್ಕೆ ಆಟ ನಿಲ್ಲಿಸುವ ತುಂಡನ್ನು ನಾವು ಹಾಕಿರಲೇ ಇಲ್ಲ. ಈ ಭಾನುವಾರ ಧರ್ಮೋಪದೇಶ ಮುಗಿದ ಮೇಲೆ ಲ್ಯಾಪ್‌ಟಾಪ್ ತರುತ್ತೇವೆ ಎಂದು ಅವಳಿಗೆ ಹೇಳಿದ್ದೇವೆ.