ಸದ್ದಿಲ್ಲದ ಸೈಕಲ್ಲು

ಸೈಕಲ್ಲಿನ ದೊಡ್ಡ ಗುಣ ಯಾವುದು ಎಂದು ಯಾರಾದರೂ ಕೇಳಿದರೆ, ಅದು ಸದ್ದು ಮಾಡುವುದಿಲ್ಲ ಎಂದೇ ನಾನು ಹೇಳುವುದು. ಪೆಟ್ರೋಲಿನ ಉಳಿತಾಯ, ಮೈಗೆ ವ್ಯಾಯಾಮ, ಇವೆಲ್ಲ ಆಮೇಲಿನ ಮಾತು. ನಮ್ಮ ಕೊಡಗಿನ ಸಿದ್ದಾಪುರದ ಕಡೆಯಂತೂ ಸದ್ದಿಲ್ಲದ ಸೈಕಲ್ಲು ಶೋಕಿಯಲ್ಲ, ಅಗತ್ಯ. ಕರಡಿಗೋಡು, ಗುಹ್ಯ, ಮಾಲ್ದಾರೆ, ಎತ್ತ ಹೊರಟರೂ ರಸ್ತೆಯ ಇಕ್ಕೆಲದಲ್ಲಿ ಕಾಫಿ ತೋಟ; ತೋಟದೊಳಗೆ ಆನೆ ಇದ್ದರೂ ಇರಬಹುದು. ಹಲಸು ಹಣ್ಣಾಗುವ ಕಾಲದಲ್ಲಂತೂ ಕೇಳುವುದೇ ಬೇಡ. ಬೆಳಗಿನ ಮಂಜಿನಲ್ಲಿ ಕಣ್ಣು ಹತ್ತು ಮಾರು ದಾಟುವುದಿಲ್ಲ. ಆಗ ಕಾಪಾಡುವುದು ಕಿವಿ. ಕೊಂಬೆಯೊಂದು ಲಟಕ್ಕೆಂದು ಮುರಿದದ್ದು ಕೇಳಿಸಿದರೆ ಬ್ರೇಕು ಹಿಡಿಯಬಹುದು, ಹಿಂದಕ್ಕೆ ತಿರುಗಬಹುದು. ಕಾಲ ಕೆಳಗೆ ಚೈನು ಕರಕರ ಎನ್ನುತ್ತಿದ್ದರೆ ಆ ಲಟಕ್ಕು ಕೇಳಿಸುವುದು ಹೇಗೆ?

ಈ ಮಾತು ಬಂದದ್ದು ಹೊಸ ರೋಡ್ ಬೈಕುಗಳಿಂದ. ಬೆಂಗಳೂರು ಮೈಸೂರಿನ ಸವಾರರು ಕೊಡಗಿನ ರಸ್ತೆ ಹುಡುಕಿಕೊಂಡು ಬರುವುದು ಹೊಸತಲ್ಲ. 2008ರಲ್ಲಿ ಶುರುವಾದ ಟೂರ್ ಆಫ್ ನೀಲಗಿರೀಸ್ ಸವಾರಿಯೂ ಕೊಡಗನ್ನು ಹಾದುಹೋದದ್ದುಂಟು. ಈಗ ನಮ್ಮೂರ ಹುಡುಗರ ಕೈಗೂ ಬಾಗಿದ ಹ್ಯಾಂಡಲ್ಲಿನ, ತೆಳು ಟೈರಿನ ಸೈಕಲ್ಲು ಬಂದಿದೆ. ತಿಂಗಳು ತುಂಬುವುದರೊಳಗೆ ಎಲ್ಲರದೂ ಒಂದೇ ದೂರು: ಹೊಸ ಗಾಡಿ, ಇಷ್ಟು ದುಡ್ಡು ಕೊಟ್ಟದ್ದು, ಚೈನು ಎಲ್ಲೋ ಉಜ್ಜುತ್ತಿದೆ.

ನಮ್ಮ ಹಿರಿಯರ ಗಟ್ಟಿ ಸೈಕಲ್ಲಿನಲ್ಲಿ ಈ ರಗಳೆ ಇರಲಿಲ್ಲ. ಮುಂದೊಂದು ಹಲ್ಲುಚಕ್ರ, ಹಿಂದೊಂದು, ನಡುವೆ ನೇರ ಚೈನು. ಉಜ್ಜಿದರೆ ಚೈನ್ ಕವರಿಗೆ ಉಜ್ಜಬೇಕು. ಕವರನ್ನು ಕಾಲಿನಿಂದ ಒಂಚೂರು ಒತ್ತಿದರೆ ಮುಗಿಯಿತು. ಆಶ್ಚರ್ಯವೆಂದರೆ, ಆ ಚೈನಿಗೂ ಈ ಚೈನಿಗೂ ಕೊಂಡಿಯ ಅಳತೆ ಒಂದೇ, ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು. ಮ್ಯಾಂಚೆಸ್ಟರಿನಲ್ಲಿ ಹಾನ್ಸ್ ರೆನಾಲ್ಡ್ 1880ರಲ್ಲಿ ಮಾಡಿದ ರೋಲರ್ ಚೈನಿನ ವಂಶ ಇವೆರಡೂ. ಬದಲಾದದ್ದು ಅಗಲ. ಹಳೆಯದರ ಒಳಗಲ ಸುಮಾರು 3.2 ಮಿಲಿಮೀಟರ್, ಹಿಂದೆ 11 ಗೇರಿರುವ ಬೈಕಿನದು 2.2ರ ಆಸುಪಾಸು, ಹೊರಗಿನಿಂದ ಅಳೆದರೂ ಐದೂವರೆ ದಾಟಿದರೆ ಹೆಚ್ಚು. ಅಷ್ಟು ತೆಳ್ಳಗಿನ ಚೈನು ಹನ್ನೊಂದು ಚಕ್ರಗಳ ಮೇಲೆ ಅತ್ತಿತ್ತ ಹಾರಬೇಕು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಅದು ಬಾಯಿ ಬಿಡುತ್ತದೆ.

ಈ ಹಾರಾಟ ಮಾಡಿಸುವ ಡಿರೇಲರ್ ಎಂಬ ಸಾಧನವೂ ಸುಲಭಕ್ಕೆ ಒಪ್ಪಿಗೆ ಪಡೆದದ್ದಲ್ಲ. ಟೂರ್ ದ ಫ್ರಾನ್ಸ್ ಕಟ್ಟಿದ ಆನ್ರಿ ದೆಗ್ರಾಂಜ್‌ಗೆ ಅದನ್ನು ಕಂಡರಾಗುತ್ತಿರಲಿಲ್ಲ. ಸ್ವಂತ ತೊಡೆಯ ಬಲದಿಂದಲೇ ಬೆಟ್ಟ ಹತ್ತಬೇಕು ಎನ್ನುವ ಪೈಕಿ. ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಗೇರು ಬದಲಿಸಲು ಹಿಂದಿನ ಚಕ್ರ ಬಿಚ್ಚಿ, ತಿರುಗಿಸಿ ಹಾಕಿಕೊಂಡು ಹತ್ತುತ್ತಿದ್ದರು. ಡಿರೇಲರಿಗೆ ಆ ಸ್ಪರ್ಧೆಯಲ್ಲಿ ಅನುಮತಿ ಸಿಕ್ಕಿದ್ದು 1937ರಲ್ಲಿ. ಚೆಟ್ಟಳ್ಳಿಯ ಕಡೆಗೋ ಅಮ್ಮತ್ತಿಯ ಕಡೆಗೋ ಒಮ್ಮೆ ತುಳಿದವರಿಗೆ ಆ ಅನುಮತಿಯ ಬೆಲೆ ಗೊತ್ತಾಗುತ್ತದೆ.

ಇನ್ನು ಸದ್ದಿನ ಮೂಲ. ಸ್ಕ್ರೂ ಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಕೆಲವು ಪ್ರಶ್ನೆ ಕೇಳಿ. ಪೆಡಲು ನಿಲ್ಲಿಸಿ ಸುಮ್ಮನೆ ಇಳಿಜಾರಿನಲ್ಲಿ ಹೋಗುವಾಗಲೂ ಸದ್ದಿದೆಯೇ? ಇದ್ದರೆ ತಪ್ಪು ಚೈನಿನದಲ್ಲ, ಬ್ರೇಕಿನದೋ ಚಕ್ರದ್ದೋ. ಪೆಡಲು ಒಂದು ಸುತ್ತು ಬರುವಾಗ ಒಂದೇ ಸಲವೇ? ಮುಂದಿನ ಹಲ್ಲುಚಕ್ರ ಸೊಟ್ಟಗಿರಬಹುದು. ಎರಡು ಮೂರು ಸುತ್ತಿಗೊಮ್ಮೆ ಟಕ್ ಎಂದರೆ ಚೈನಿನ ಒಂದು ಕೊಂಡಿ ಬಿಗಿಯಾಗಿದೆ. ಎಡೆಬಿಡದೆ ಕರಕರ, ಅದೂ ಕೆಲವೇ ಗೇರುಗಳಲ್ಲಿ ಎಂದಾದರೆ, ಮುಂದಿನ ದೊಡ್ಡ ಚಿಕ್ಕ ಹಲ್ಲುಚಕ್ರಗಳ ನಡುವೆ ಚೈನನ್ನು ದಾಟಿಸುವ ಮುಂದಿನ ಡಿರೇಲರನ್ನು ನೋಡಿ.

ನೋಡುವುದು ಎಂದೆ, ಬಗ್ಗಿ ನೋಡಿ. ಚೈನು ಹಾದುಹೋಗುವ ಆ ಲೋಹದ ಗೂಡಿಗೆ ಒಳಬದಿಗೊಂದು, ಹೊರಬದಿಗೊಂದು ತಗಡು. ಹೊಸ ಗಾಡಿಯಲ್ಲಿ ಎರಡೂ ಹೊಳೆಯುತ್ತವೆ. ಆದರೆ ಉಜ್ಜುವ ಕಡೆ ಪಾಲಿಶ್ ಹೋಗಿ, ಉದ್ದಕ್ಕೆ ಒಂದು ಬಿಳಿ ಗೀರು ಬಿದ್ದಿರುತ್ತದೆ. ಬೆರಳಿಟ್ಟರೆ ಕಪ್ಪು ಮಸಿ. ಗೀರು ಒಳತಗಡಿನಲ್ಲಿದೆಯೇ ಹೊರತಗಡಿನಲ್ಲಿದೆಯೇ ಎಂಬುದರಲ್ಲಿ ಅರ್ಧ ಉತ್ತರ ಇದೆ.

ಮುಂದೆ ದೊಡ್ಡ ಚಕ್ರ, ಹಿಂದೆ ಚಿಕ್ಕದು, ಗೀರು ಹೊರತಗಡಿನಲ್ಲಿ: ಹೊಸ ಗಾಡಿಗಳಲ್ಲಿ ಹೆಚ್ಚಾಗಿ ಕಾಣುವುದು ಇದೇ. ಕೇಬಲ್ ಸಡಿಲವಾಗಿದೆ. ಹೊಸ ಚಪ್ಪಲಿ ಕಾಲಿಗೆ ಹೊಂದಿಕೊಳ್ಳಲು ನಾಲ್ಕು ದಿನ ಬೇಕಾಗುವಂತೆ ಕೇಬಲಿನ ಹೊರಕವಚಕ್ಕೂ ತನ್ನ ಜಾಗದಲ್ಲಿ ಒತ್ತಿ ಕೂರಲು ಕೆಲವು ವಾರ ಬೇಕು. ಅದು ಕೂತಾಗ ಒಳಗಿನ ತಂತಿ ಸಡಿಲವಾಗಿ, ಗೂಡು ಪೂರ್ತಿ ಹೊರಗೆ ಸರಿಯುವುದಿಲ್ಲ. ಕೇಬಲಿನ ದಾರಿಯಲ್ಲಿರುವ ತಿರುಗುಣಿಯನ್ನು ಅಪ್ರದಕ್ಷಿಣವಾಗಿ ಅರ್ಧ ಸುತ್ತು ತಿರುಗಿಸಿ, ಪೆಡಲು ತುಳಿದು, ಕೇಳಿ, ಬೇಕಿದ್ದರೆ ಮತ್ತರ್ಧ. ಮುಂದೆ ಚಿಕ್ಕ ಚಕ್ರ, ಹಿಂದೆ ದೊಡ್ಡದು, ಗೀರು ಒಳತಗಡಿನಲ್ಲಿ ಎಂದಾದರೆ ಮದ್ದು ಇದೇ ಮುಂದಿನ ಡಿರೇಲರಿನ ಎಲ್ ಗುರುತಿನ ಸ್ಕ್ರೂ. ಅದನ್ನು ಕಾಲು ಸುತ್ತು ಸಡಿಲಿಸಿದರೆ ಗೂಡು ಒಳಗೆ ಸರಿಯುತ್ತದೆ. ಅತಿಯಾದರೆ ಚೈನು ಒಳಗಡೆ ಬೀಳುತ್ತದೆ, ಆದ್ದರಿಂದ ಕಾಲು ಸುತ್ತೇ ಸಾಕು.

ನಮ್ಮ ರಸ್ತೆಗಳಿಗೇ ಅಂಟಿದ ಇನ್ನೊಂದು ಕಾರಣವೂ ಇದೆ. ಇಲ್ಲಿ ನೇರ ಸಮತಟ್ಟು ಎಂಬುದು ಕಾವೇರಿ ಸೇತುವೆಯ ಮೇಲೆ ಸಿಕ್ಕಿದಷ್ಟೇ. ನೆಲ್ಯಹುದಿಕೇರಿ ದಾಟಿದರೆ ಮತ್ತೆ ಏರು, ಇಳಿ, ತಿರುವು. ಏರು ಚಿಕ್ಕದು, ಈಗ ಮುಗಿದೀತು ಎಂದುಕೊಂಡು ಸವಾರ ಮುಂದಿನ 50 ಹಲ್ಲಿನ ಚಕ್ರವನ್ನು ಬಿಡುವುದಿಲ್ಲ. ಹಿಂದೆ ಮಾತ್ರ ಒಂದೊಂದೇ ದೊಡ್ಡ ಚಕ್ರಕ್ಕೆ ಏರಿಸುತ್ತಾನೆ. ಕೊನೆಗೆ ಮುಂದೆಯೂ ದೊಡ್ಡದು, ಹಿಂದೆಯೂ ದೊಡ್ಡದು. ಚೈನು ಓರೆಯಾಗಿ ಎಳೆದು ಒಳತಗಡನ್ನು ಉಜ್ಜುತ್ತದೆ. ಬಹಳಷ್ಟು ಲಿವರುಗಳಲ್ಲಿ ಇದಕ್ಕೆಂದೇ ಟ್ರಿಮ್ ಎಂಬ ಅರ್ಧ ಕ್ಲಿಕ್ ಇರುತ್ತದೆ, ಗೂಡನ್ನು ತುಸು ಸರಿಸಲು. ಬಳಸಿ. ಅದರ ಉಲ್ಟಾ, ಚಿಕ್ಕದಕ್ಕೆ ಚಿಕ್ಕದು ಹಾಕಿದಾಗ ಚೈನು ಪಕ್ಕದ ದೊಡ್ಡ ಚಕ್ರದ ಒಳಮೈಯನ್ನೇ ತಾಗಬಹುದು. ಅದಕ್ಕೆ ಸ್ಕ್ರೂವಿನಲ್ಲಿ ಮದ್ದಿಲ್ಲ, ಗೇರು ಬದಲಿಸುವುದೊಂದೇ ದಾರಿ.

ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಧೂಳು, ಮಳೆಗಾಲದಲ್ಲಿ ಕೆಂಪು ಕೆಸರು. ಚೈನಿಗೆ ಎರಡೂ ಶತ್ರು. ಉಜ್ಜುವ ಸದ್ದು ಎಂದು ತಿಳಿದದ್ದು ಎಷ್ಟೋ ಸಲ ಬರೀ ಕೊಳೆಯದ್ದಾಗಿರುತ್ತದೆ. ಒಣಬಟ್ಟೆಯಲ್ಲಿ ಒರೆಸಿ, ಕೊಂಡಿಗೊಂದು ಹನಿ ಎಣ್ಣೆ ಬಿಟ್ಟು, ಹೊರಗಿನ ಜಿಡ್ಡನ್ನು ಮತ್ತೆ ಒರೆಸಿ. ಆಮೇಲೂ ಸದ್ದಿದ್ದರೆ ಮಾತ್ರ ಸ್ಕ್ರೂವಿನ ಮಾತು.

ಹಿಂದಿನ ಡಿರೇಲರಿನ ಸ್ಕ್ರೂಗಳನ್ನು ಮಾತ್ರ ಅಂದಾಜಿನ ಮೇಲೆ ಮುಟ್ಟಬೇಡಿ. ಅಲ್ಲಿ ತಪ್ಪಿದರೆ ಚೈನು ಕಡ್ಡಿಗಳೊಳಗೆ ಸಿಕ್ಕಿ, ಏರಿನ ನಡುವೆ ಚಕ್ರವೇ ಕಚ್ಚಿ ನಿಲ್ಲುತ್ತದೆ. ಹೊಸ ಬೈಕು ಕೊಂಡವರಿಗೆ ನನ್ನದೊಂದೇ ಮಾತು: ಮೊದಲ ಸರ್ವಿಸನ್ನು ತಪ್ಪಿಸಬೇಡಿ, ಮೆಕ್ಯಾನಿಕ್ ಮುಂದೆ ನಿಂತು ಯಾವ ಗೇರಿನಲ್ಲಿ, ಎಂಥ ಏರಿನಲ್ಲಿ ಸದ್ದು ಬರುತ್ತದೆ ಎಂದು ಬಿಡಿಸಿ ಹೇಳಿ. ಅಷ್ಟು ಹೇಳಿದರೆ ಅವನ ಅರ್ಧ ಕೆಲಸ ಮುಗಿದ ಹಾಗೆ.