ಕಪಾಟಿನೊಳಗಿನ ಚೋಮ

ಮಂಗಳೂರಿನ ಮಳೆಗೂ ಪುಸ್ತಕಗಳಿಗೂ ಹುಟ್ಟುಹಗೆ. ಕೊಟ್ಟಾರ ಚೌಕಿಯಲ್ಲಿ ರಸ್ತೆ ಯಾವುದು, ತೋಡು ಯಾವುದು ಎಂದು ತಿಳಿಯದಂತೆ ನೀರು ನಿಲ್ಲುವ ದಿನಗಳಲ್ಲಿ, ಅಲ್ಲಿಂದ ತುಸು ಒಳಗಿರುವ ಹಂಚಿನ ಮನೆಯ ಮಾಸ್ತರರಿಗೆ ಅಂಗಳದ ಚಿಂತೆಯಿಲ್ಲ. ಇರುವುದೆಲ್ಲ ಕಪಾಟಿನ ಚಿಂತೆ. ಆಟಿ ತಿಂಗಳಲ್ಲಿ ಒಂದು ದಿನ ಬಿಸಿಲು ಕಂಡರೆ ಸಾಕು, ಪುಸ್ತಕಗಳೆಲ್ಲ ಜಗಲಿಯ ಚಾಪೆಗೆ ಬರಬೇಕು. ಎಂಬತ್ತೈದು ದಾಟಿದ ಮಾಸ್ತರರು ಕುರ್ಚಿಯಲ್ಲಿ ಕುಳಿತು ಅಪ್ಪಣೆ ಕೊಡುವುದು, ರಜೆಗೆ ಬಂದ ಮೊಮ್ಮಗಳು ಹಳೆಯ ಪಂಚೆಯ ತುಂಡಿನಿಂದ ಬೂಷ್ಟು ಒರಸುವುದು, ಇದು ಈಚಿನ ಕ್ರಮ. ಮೊಮ್ಮಗಳು ಸಮಾಜಶಾಸ್ತ್ರದಲ್ಲಿ ಎಂ.ಎ. ಓದುತ್ತಿರುವವಳು, ಆದುದರಿಂದ ಒರಸುವುದಕ್ಕಿಂತ ತೆರೆದು ನೋಡುವುದೇ ಹೆಚ್ಚು.

ಕಪಾಟಿನ ಮೇಲಿನ ಸಾಲು ವಿದ್ವಾಂಸರದು. ಸ್ಕಾರ್ಲೆಟ್ ಎಪ್‌ಸ್ಟೈನ್ ಎಂಬ ವಿದುಷಿ ಮಂಡ್ಯದ ಕಡೆಯ ಎರಡು ಹಳ್ಳಿಗಳಲ್ಲಿ ನೆಲಸಿ, ಅಭ್ಯಾಸ ಮಾಡಿ, 1962ರಲ್ಲಿ ಪ್ರಕಟಿಸಿದ ಗ್ರಂಥ ಅಲ್ಲಿದೆ. ಒಂದು ಹಳ್ಳಿಗೆ ಕಾಲುವೆಯ ನೀರು ಬಂದಿತು, ಇನ್ನೊಂದಕ್ಕೆ ಬರಲಿಲ್ಲ. ನೀರು ಬಂದಲ್ಲಿ ಕಬ್ಬು ಬೆಳೆದು ಕೈಯಲ್ಲಿ ಹಣ ಓಡಾಡಿತಾದರೂ ಜನರ ನಡುವಣ ಕಟ್ಟುಪಾಡುಗಳು ಬಹುಮಟ್ಟಿಗೆ ಇದ್ದಂತೆಯೇ ಉಳಿದವು. ನೀರು ಬಾರದ ಹಳ್ಳಿಯವರು ಹೊರಗೆ ಹೋಗಿ ಕೆಲಸ, ವ್ಯಾಪಾರ ಹಿಡಿದರು. ಹಳೆಯ ಕಟ್ಟು ಸಡಿಲವಾದದ್ದು ಅಲ್ಲಿಯೇ. ಅದರ ಪಕ್ಕದಲ್ಲಿ ಎಂ. ಎನ್. ಶ್ರೀನಿವಾಸರ ‘ದಿ ರಿಮೆಂಬರ್ಡ್ ವಿಲೇಜ್’. ರಾಮಪುರವೆಂದು ತಾವು ಹೆಸರಿಟ್ಟ ಹಳ್ಳಿಯಲ್ಲಿ ಅವರು 1948ರಲ್ಲಿ ಕುಳಿತು ಸಂಗ್ರಹಿಸಿ, ಮುಂದೆ ವರ್ಷಗಟ್ಟಲೆ ಒಪ್ಪಮಾಡಿದ ಟಿಪ್ಪಣಿಗಳು 1970ರ ಏಪ್ರಿಲಿನಲ್ಲಿ, ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ, ಯಾರೋ ಹೊತ್ತಿಸಿದ ಬೆಂಕಿಗೆ ಬಲಿಯಾದವು. ನೆನಪನ್ನೇ ನಂಬಿ ಬರೆದ ಆ ಗ್ರಂಥ 1976ರಲ್ಲಿ ಹೊರಬಂದಿತು.

“ಬರೆದದ್ದು ಸುಡುತ್ತದೆ, ನೆನಪು ಸುಡುವುದಿಲ್ಲ ನೋಡು” ಎಂದರು ಮಾಸ್ತರರು.

ಕೆಳಗಿನ ಸಾಲು ಕಾದಂಬರಿಗಳದು. 1899ರಲ್ಲಿ ಇದೇ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ಬಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’, ಕಯ್ಯೂರಿನ ರೈತರ ಹೋರಾಟವನ್ನು ಹೇಳುವ ನಿರಂಜನರ ‘ಚಿರಸ್ಮರಣೆ’, ಕಾರಂತರ ‘ಚೋಮನ ದುಡಿ’. ವಿದ್ವಾಂಸರು ಸಮಾಜವನ್ನು ಅಳೆದು ಹೇಳುತ್ತಾರೆ. ಕಾದಂಬರಿಕಾರರು ಅದರ ಒಬ್ಬ ಮನುಷ್ಯನನ್ನು ಕರೆತಂದು ಎದುರಿಗೆ ನಿಲ್ಲಿಸುತ್ತಾರೆ. ಓದುವವನಿಗೆ ಎರಡೂ ಬೇಕು. ಆದರೆ ಎರಡನ್ನೂ ಓದಿದವನು ತನ್ನ ಮನೆಯ ಬಾಗಿಲಲ್ಲಿ ಹೇಗೆ ನಡೆದುಕೊಂಡನೆಂಬುದು ಯಾವ ಸಾಲಿನಲ್ಲಿಯೂ ಸಿಗುವುದಿಲ್ಲ.

ಆ ದಿನ ‘ಚೋಮನ ದುಡಿ’ಯ ನಡುವಿನಿಂದ ಮಡಿಸಿದ ಕಾಗದವೊಂದು ಜಾರಿ ಬಿತ್ತು. 1976ರಲ್ಲಿ ಭೂನ್ಯಾಯಮಂಡಳಿಯಿಂದ ಬಂದ ತಿಳಿವಳಿಕೆಪತ್ರ. ಅದರ ಬೆನ್ನಿಗೆ ಮಾಸ್ತರರ ಮುದ್ದಾದ ಅಕ್ಷರಗಳಲ್ಲಿ ಒಂದೇ ವಾಕ್ಯ: ‘ಅರ್ಜಿದಾರನು ಗೇಣಿದಾರನಲ್ಲ, ಕೂಲಿಯಾಳು.’

ಮೊಮ್ಮಗಳು ಎರಡು ಸಲ ಓದಿದಳು. “ಅವರು ಕೂಲಿಯವರೇ ಆಗಿದ್ದರಾ, ಅಜ್ಜ?”

“ಅಲ್ಲ.”

ಆ ಒಂದು ವಾಕ್ಯದ ತೂಕ ಇಂದಿನವರಿಗೆ ತಿಳಿಯುವುದು ಕಷ್ಟ. 1974ರ ಮಾರ್ಚ್ 1ರಂದು ಜಾರಿಗೆ ಬಂದ ತಿದ್ದುಪಡಿಯಿಂದ ಕರ್ನಾಟಕದಲ್ಲಿ ಗೇಣಿಯ ಭೂಮಿ ಸರಕಾರದ ವಶವಾಯಿತು. ಉಳುವ ಗೇಣಿದಾರ ನಮೂನೆ 7ರಲ್ಲಿ ಅರ್ಜಿ ಕೊಟ್ಟು ಅದರ ಒಡೆಯನಾಗಬಹುದಾಗಿತ್ತು. ಕರಾವಳಿಯವರ ಬಾಯಲ್ಲಿ ಅದು ಬರಿಯ ‘ಡಿಕ್ಲರೇಶನ್’. ಆದರೆ ಕಾಯಿದೆ ಕೈಹಿಡಿದದ್ದು ಗೇಣಿದಾರನನ್ನು. ಕೂಲಿಯಾಳಿಗೆ ಹೆಚ್ಚೆಂದರೆ ಅವನು ವಾಸವಿದ್ದ ಗುಡಿಸಲಿನ ಜಾಗ. ಕಾರಂತರ ಚೋಮ ಅಂದಿನವರೆಗೆ ಬದುಕಿದ್ದರೂ ಅವನಿಗೆ ಗದ್ದೆ ದೊರೆಯುತ್ತಿರಲಿಲ್ಲ. ಅವನು ಜೀತದವನು, ಗೇಣಿಯವನಲ್ಲ. ಗೇಣಿದಾರನನ್ನು ಕೂಲಿಯವನೆಂದು ಕರೆದುಬಿಟ್ಟರೆ ಧಣಿಯ ಗದ್ದೆ ಉಳಿಯುತ್ತಿತ್ತು.

ಮಾಸ್ತರರ ಮನೆಯ ಬೈಲುಗದ್ದೆ ಇದ್ದದ್ದು ಕೂಳೂರು ಸೇತುವೆಯಾಚೆ. ಚಾಲಗೇಣಿಯ ಮುದುಕ ಮೂವತ್ತು ವರ್ಷ ಅಕ್ಕಿಮುಡಿ ಹೊತ್ತು ತಂದಿದ್ದ. ಮಾಸ್ತರರ ತಂದೆ ಒಂದು ವರ್ಷವೂ ರಶೀದಿ ಕೊಟ್ಟವರಲ್ಲ. ತಂದೆ ತೀರಿದ್ದರು, ಇಬ್ಬರು ತಂಗಿಯರ ಮದುವೆಯಾಗಬೇಕಿತ್ತು. “ಗದ್ದೆ ಬಿಟ್ಟರೆ ಈ ಹುಡುಗಿಯರ ಗತಿ ಎಂತದು?” ಎಂದು ತಾಯಿ ದಿನವೂ ಕೇಳುತ್ತಿದ್ದರು. ಅದೇ ವರ್ಷಗಳಲ್ಲಿ ಮಾಸ್ತರರು ಶಾಲೆಯಲ್ಲಿ ಚೋಮನ ಕಥೆ ಓದಿ ಹೇಳಿದರೆ ಹುಡುಗರು ಕಣ್ಣೊರಸಿಕೊಳ್ಳುತ್ತಿದ್ದರು. 1975ರಲ್ಲಿ ಬಿ. ವಿ. ಕಾರಂತರು ಅದನ್ನು ಚಲನಚಿತ್ರ ಮಾಡಿದಾಗ ಮಾಸ್ತರರು ಎರಡು ಸಲ ನೋಡಿ ಬಂದಿದ್ದರು.

ಮಂಡಳಿಯ ಮುಂದೆ ವಕೀಲರು ವಾದಿಸುವಂತಿರಲಿಲ್ಲ. ಧಣಿಯೂ ಒಕ್ಕಲೂ ತಮ್ಮ ಬಾಯಿಂದಲೇ ಹೇಳಬೇಕು. ಮಾಸ್ತರರು ಬರೆದುಕೊಂಡು ಹೋದ ವಾಕ್ಯವನ್ನು ಹೇಳಿದರು. ಮುದುಕನ ಸರದಿ ಬಂದಿತು. ಆತ ತಲೆಯ ಮುಟ್ಟಾಳೆ ತೆಗೆದು ಕೈಯಲ್ಲಿ ಹಿಡಿದುಕೊಂಡು ತುಳುವಿನಲ್ಲಿ ಹೇಳಿದ್ದು ಇಷ್ಟು: “ಸಣ್ಣ ಧಣಿಗಳು ಓದಿದವರು. ಅವರು ಹೇಳಿದ ಹಾಗೆಯೇ ಬರೆದುಕೊಳ್ಳಿ. ಅವರು ಕಾಲೇಜಿಗೆ ಹೋಗುತ್ತಿದ್ದಾಗ ಆ ಮನೆಗೆ ಅಕ್ಕಿಮುಡಿ ಹೊತ್ತು ತಂದವನು ಯಾರೆಂದು ಮಾತ್ರ ಒಮ್ಮೆ ಕೇಳಿ.”

ಅಧಿಕಾರಿ ಮಾಸ್ತರರ ಕಡೆಗೆ ತಿರುಗಿದರು. ಮಾಸ್ತರರು ಮಾತಾಡಲಿಲ್ಲ. ಗದ್ದೆ ಮುದುಕನಿಗಾಯಿತು.

“ನಾನು ಸತ್ಯ ಹೇಳಿದೆನೆಂದು ತಿಳಿಯಬೇಡ, ಮಗಾ. ಸುಳ್ಳನ್ನು ಎರಡನೆಯ ಸಲ ಹೇಳಲಿಕ್ಕೆ ಆಗಲಿಲ್ಲ, ಅಷ್ಟೆ.”

ತಂಗಿಯರ ಮದುವೆ ಸಾಲದಲ್ಲಿ ನಡೆಯಿತು. ಸಾಲ ತೀರುವವರೆಗೆ ಮನೆಯಲ್ಲಿ ರಾತ್ರಿ ಗಂಜಿಯೇ. ಮುದುಕನ ಮೇಲಿನ ಸಿಟ್ಟೂ ತನ್ನ ಮೇಲಿನ ನಾಚಿಕೆಯೂ ಒಂದರೊಳಗೊಂದು ಸೇರಿಕೊಂಡು, ಯಾವುದು ಯಾವುದೆಂದು ಮಾಸ್ತರರಿಗೆ ಬಹುಕಾಲ ತಿಳಿಯಲಿಲ್ಲ. ಆತ ತೀರಿಕೊಂಡ ಸುದ್ದಿ ಬಂದ ದಿನ ಅವರು ಕೂಳೂರು ಸೇತುವೆಯವರೆಗೆ ನಡೆದು ಹೋಗಿ, ಅಲ್ಲಿಂದಲೇ ಹಿಂದಿರುಗಿದರು.

ಚೋಮನ ಕಥೆ ಓದಿ ಅಳುವವರು ಬಹಳ. ಆದರೆ ಅದರಲ್ಲಿ ಧಣಿ ಸಂಕಪ್ಪಯ್ಯನೂ ಇದ್ದಾನೆ. ಆತ ಕೆಟ್ಟವನಲ್ಲ, ಮನಸ್ಸಿದ್ದರೂ ತಾಯಿಯ ಮಾತನ್ನು ಮೀರಲಾರದವನು. ಅವನಲ್ಲಿ ತಮ್ಮ ಮುಖವನ್ನು ಕಾಣುವ ಓದುಗರು ಕಡಿಮೆ. ಮಾಸ್ತರರು ಆ ಕಾಗದವನ್ನು ಹರಿದೆಸೆಯದೆ ಅದೇ ಪುಸ್ತಕದಲ್ಲಿ ಇಟ್ಟುಕೊಂಡದ್ದು ಅದಕ್ಕಾಗಿಯೇ ಇರಬೇಕು.

ಅಷ್ಟರಲ್ಲಿ ಪಡುವಣದಿಂದ ಮೋಡ ಏರಿ ಬಂದಿತು. ಮೊಮ್ಮಗಳು ಪುಸ್ತಕಗಳನ್ನು ತೆಕ್ಕೆತೆಕ್ಕೆಯಾಗಿ ಒಳಗೆ ಸಾಗಿಸಿ ಕಪಾಟಿಗೆ ಸೇರಿಸಿದಳು. ಒಂದನ್ನು ಮಾತ್ರ ಕೈಯಲ್ಲಿಯೇ ಉಳಿಸಿಕೊಂಡಳು.

“ಇದನ್ನು ಓದಿ ಕೊಡುತ್ತೇನೆ, ಅಜ್ಜ.”

“ಕಾಗದ?”

“ಅದು ಅದರಲ್ಲೇ ಇರಲಿ” ಎಂದಳು.