ಎರೆಭೂತ ಬಿಟ್ಟುಹೋದ ಬಯಲು

ಹಾವೇರಿಯಲ್ಲಿ ರೈಲು ಹತ್ತಿ ಹರಿಹರದತ್ತ ಹೊರಟವರಿಗೆ ಮೊದಲು ಬ್ಯಾಡಗಿ ಸಿಗುತ್ತದೆ. ಸುಗ್ಗಿಯ ದಿನಗಳಲ್ಲಿ ಪೇಟೆಯ ಕಡೆಯ ಗಾಳಿ ಬೀಸಿತೆಂದರೆ ಕಣ್ಣು ಮುಚ್ಚಿ ಕುಳಿತವನೂ ಊರಿನ ಹೆಸರು ಹೇಳಬಲ್ಲನು. ಮೆಣಸಿನಕಾಯಿಯ ಘಾಟಿಗೆ ಫಲಕದ ಅಗತ್ಯವಿಲ್ಲ. ಮುಂದೆ ರಾಣೆಬೆನ್ನೂರು. ಕಿಟಕಿಯಾಚೆ ಗೋವಿನಜೋಳ, ಹತ್ತಿ, ಅಲ್ಲಲ್ಲಿ ಸಾಲುಗಟ್ಟಿ ನಿಂತ ನೀಲಗಿರಿ ಮರಗಳು. ನೋಡುವವರ ಕಣ್ಣಿಗೆ ಹಸಿರಾದ ನಾಡು. ಈ ಹಸಿರಿನ ನಡುವೆ ಏನು ಕಳೆದುಹೋಗಿದೆ ಎಂಬುದು ಹೇಳಿದ ಹೊರತು ಯಾರಿಗೂ ಹೊಳೆಯಲಾರದು.

ಕಳೆದುಹೋದುದು ಒಂದು ಹಕ್ಕಿ. ಕನ್ನಡದಲ್ಲಿ ಅದಕ್ಕೆ ಎರೆಭೂತವೆಂದೂ ಎರ್ಲಡ್ಡು ಎಂದೂ ಹೆಸರುಂಟು. ಎರೆ ಎಂದರೆ ಕಪ್ಪು ಮಣ್ಣಿನ ಭೂಮಿ. ಆ ಭೂಮಿಯ ಭೂತವೇ ಇದು! ಸುಮಾರು ಒಂದು ಮೀಟರು ಎತ್ತರ. ತಲೆಯ ಮೇಲೆ ಕರಿಯ ಟೊಪ್ಪಿಗೆ. ನೀಳವಾದ ಬಿಳಿಯ ಕೊರಳು. ಬಲಿತ ಗಂಡಿನ ತೂಕ 15 ಕಿಲೋಗ್ರಾಮಿನವರೆಗೂ ಉಂಟು. ಹಾರಬಲ್ಲ ಹಕ್ಕಿಗಳಲ್ಲಿ ಇಷ್ಟು ಭಾರವಾದುವು ಜಗತ್ತಿನಲ್ಲಿಯೇ ಕೆಲವು ಮಾತ್ರ. ಹೆಣ್ಣನ್ನು ಒಲಿಸಿಕೊಳ್ಳುವ ಕಾಲದಲ್ಲಿ ಗಂಡು ದಿಬ್ಬದ ಮೇಲೆ ನಿಂತು, ಕೊರಳಿನ ಚೀಲವನ್ನು ಗಾಳಿಯಿಂದ ತುಂಬಿ ನೆಲಮುಟ್ಟ ಇಳಿಬಿಟ್ಟು, ಬಹುದೂರ ಕೇಳಿಸುವಂತೆ ಗುಮ್ಮೆಂದು ಮೊಳಗುತ್ತದೆ. ಮಬ್ಬುಗತ್ತಲಿನ ಬಯಲಿನಲ್ಲಿ ಆ ದನಿಯನ್ನು ಕೇಳಿದವನು ಅದಕ್ಕೆ ಭೂತವೆಂದು ಹೆಸರಿಟ್ಟಿದ್ದರೆ ಅವನನ್ನು ಅಂಜುಬುರುಕನೆಂದು ಹಳಿಯಬೇಕಾಗಿಲ್ಲ.

ಈ ಭೂತಕ್ಕೆ ರಾಷ್ಟ್ರಪಕ್ಷಿಯ ಪಟ್ಟ ಕಟ್ಟಬೇಕೆಂದು ಪಕ್ಷಿಶಾಸ್ತ್ರಜ್ಞ ಸಾಲಿಂ ಅಲಿಯವರು ಸೂಚಿಸಿದ್ದರು. ಆದರೆ 1963ರಲ್ಲಿ ಆ ಪಟ್ಟ ನವಿಲಿಗೆ ಸಂದಿತು. ಹಕ್ಕಿಯ ಇಂಗ್ಲಿಷ್ ಹೆಸರಿನ ಕಾಗುಣಿತದಲ್ಲಿ ಒಂದಕ್ಷರ ತಪ್ಪಿದರೆ ಅದು ಬೈಗುಳವಾಗಿಬಿಡುವುದೆಂಬ ಅಂಜಿಕೆಯೂ ಅದಕ್ಕೆ ಕಾರಣವಾಯಿತೆಂಬ ಮಾತು ಇಂದಿಗೂ ಪ್ರಚಾರದಲ್ಲಿದೆ. ಕನ್ನಡದ ಹೆಸರನ್ನೇ ಉಳಿಸಿಕೊಂಡಿದ್ದರೆ ಆ ತಾಪತ್ರಯವೇ ಇರುತ್ತಿರಲಿಲ್ಲ!

ಪಟ್ಟ ತಪ್ಪಿದರೂ ಕಾನೂನಿನ ಆಶ್ರಯವೇನೋ ದೊರೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಎರೆಭೂತವನ್ನು ಮೊದಲನೆಯ ಅನುಸೂಚಿಯಲ್ಲಿರಿಸಿತು. ಕೃಷ್ಣಮೃಗವೂ ಅದೇ ಅನುಸೂಚಿಯಲ್ಲಿತ್ತು. 1974ರಲ್ಲಿ ರಾಣೆಬೆನ್ನೂರಿನ ಬಳಿ 119 ಚದರ ಕಿಲೋಮೀಟರು ಪ್ರದೇಶ ಅಭಯಾರಣ್ಯವಾಯಿತು. ಹೆಸರು ಕೃಷ್ಣಮೃಗದ್ದಾದರೂ ಆಶ್ರಯ ಎರೆಭೂತಕ್ಕೂ ಇತ್ತು. ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಅಲ್ಲಿಯ ಹಕ್ಕಿಗಳನ್ನು ಶ್ರದ್ಧೆಯಿಂದ ಗಮನಿಸಿ ದಾಖಲಿಸಿದರು. ಮುಂದೆ ಬೆಂಗಳೂರಿನ ಬೀದಿಗಳಲ್ಲಿ ಲಕ್ಷಗಟ್ಟಲೆ ಮರಗಳನ್ನು ನೆಡಿಸಿ ಕೀರ್ತಿ ಪಡೆದವರೂ ಅವರೇ.

ಒಂದೇ ಕಾಯಿದೆ, ಒಂದೇ ಬೇಲಿ, ಆಶ್ರಿತರು ಇಬ್ಬರು. ಫಲ ಮಾತ್ರ ಬೇರೆ ಬೇರೆಯಾಯಿತು. ಬಂದೂಕಿನ ಭಯ ತಪ್ಪಿದೊಡನೆ ಚಿಗರಿಗಳು ಸಾವಿರಗಟ್ಟಲೆಯಾಗಿ ಹೆಚ್ಚಿದವು. ಸುತ್ತಲಿನ ರೈತರು ಇಂದು ಪೈರು ಉಳಿಸಿಕೊಳ್ಳಲು ರಾತ್ರಿ ಹೊಲ ಕಾಯಬೇಕಾಗಿದೆ. ಎರೆಭೂತವಾದರೋ ವರ್ಷದಿಂದ ವರ್ಷಕ್ಕೆ ವಿರಳವಾಗುತ್ತ ಹೋಗಿ, ಕೊನೆಗೆ ಅಭಯಾರಣ್ಯದ ವರ್ಣನೆಯಲ್ಲಿ ಹೆಸರಾಗಿ ಮಾತ್ರ ಉಳಿಯಿತು.

ಚಿಗರಿಯ ಕಾಲು ಚುರುಕು; ಹುಲ್ಲು ಸಾಲದಿದ್ದರೆ ಹೊಲಕ್ಕೆ ನುಗ್ಗುತ್ತದೆ; ನೀಲಗಿರಿಯ ನೆರಳಿನಲ್ಲಿಯೂ ಹೇಗೋ ಬಾಳುತ್ತದೆ. ಎರೆಭೂತಕ್ಕೆ ಆ ಜಾಣತನವಿಲ್ಲ. ಅದಕ್ಕೆ ಕಣ್ಣು ಹಾಯುವಷ್ಟು ದೂರ ತೆರೆದ ಹುಲ್ಲುಬಯಲು ಬೇಕು. ಗೂಡು ಕಟ್ಟುವ ಅಭ್ಯಾಸವಿಲ್ಲ; ಬರಿಯ ನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ. ಸುಮಾರು ಒಂದು ತಿಂಗಳು ತಾಯಿಯೊಂದೇ ಅದಕ್ಕೆ ಕಾವು ಕೊಡಬೇಕು. ಅಷ್ಟರಲ್ಲಿ ದನವೊಂದು ತುಳಿದರೆ, ನಾಯಿಯೊಂದು ಮೂಸಿದರೆ, ಆ ವರ್ಷದ ಸಂಸಾರವೇ ಮುಗಿಯಿತು.

ಹಾಗಾದರೆ ಆ ಬಯಲನ್ನು ತೆಗೆದುಕೊಂಡವರಾರು? ಬೇಟೆಗಾರನಲ್ಲ. ನಮ್ಮ ಜನಕ್ಕೆ ಮರವಿಲ್ಲದ ನೆಲವೆಂದರೆ ಪಾಳುಭೂಮಿ. ಮರ ನೆಟ್ಟವನು ಪುಣ್ಯವಂತ. ಕಂದಾಯದ ಲೆಕ್ಕಪತ್ರಗಳ ಭಾವನೆಯೂ ಅದೇ. ಈ ಪುಣ್ಯಬುದ್ಧಿಯಿಂದಲೇ ರಾಣೆಬೆನ್ನೂರಿನ ಹುಲ್ಲುಗಾವಲಿನಲ್ಲಿ ನೀಲಗಿರಿ ನೆಡುತೋಪುಗಳು ಎದ್ದವು. ಗಿಡಗಳು ಎಳೆಯವಾಗಿರುವಷ್ಟು ಕಾಲ ನಡುವೆ ಹುಲ್ಲೂ ಇತ್ತು. ಅವು ಬೆಳೆದು ತಲೆ ಕೂಡಿಸಿದ ಮೇಲೆ ಬಯಲು ಬಯಲಾಗಿ ಉಳಿಯಲಿಲ್ಲ. ಹಕ್ಕಿಯನ್ನು ಕೊಂದವನಿಗೆ ಕಾಯಿದೆಯಲ್ಲಿ ಸೆರೆಮನೆಯುಂಟು. ಅದರ ಮನೆಯಲ್ಲಿ ಮರ ನೆಟ್ಟವನಿಗೆ ವನಮಹೋತ್ಸವದ ಹಾರವುಂಟು!

ಹುಲ್ಲಿಗಾಗಿ ಮನುಷ್ಯರು ಹೋರಾಡಿದ ಚರಿತ್ರೆಯೂ ಇದೇ ಜಿಲ್ಲೆಯಲ್ಲಿದೆ. 1984ರಲ್ಲಿ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಪಾಲುಗೊಂಡ ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರು ಭೂಮಿಯನ್ನು ಗೊತ್ತುಮಾಡಲಾಯಿತು. ಹಳ್ಳಿಯ ದನಗಳು ಮೇಯುತ್ತಿದ್ದ ನೆಲವೂ ಅದರಲ್ಲಿ ಸೇರಿತ್ತು. ಸಮಾಜ ಪರಿವರ್ತನ ಸಮುದಾಯ ಅದನ್ನು ಪ್ರತಿಭಟಿಸಿತು. ಶಿವರಾಮ ಕಾರಂತರೂ ಜೊತೆಗೂಡಿ ಸುಪ್ರೀಂ ಕೋರ್ಟಿಗೆ ಮೊರೆಯಿಟ್ಟರು. 1987ರ ನವೆಂಬರ್ 14ರಂದು ಹಾನಗಲ್ಲು ತಾಲ್ಲೂಕಿನ ಕುಸನೂರಿನಲ್ಲಿ ಜನರು ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಉಪಯೋಗವಾಗುವ ಗಿಡಗಳನ್ನು ಹಚ್ಚಿದರು. ಅದಕ್ಕೆ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹವೆಂದೇ ಹೆಸರಾಯಿತು. 1991ರಲ್ಲಿ ಕಂಪನಿ ಮುಚ್ಚಿತು. ಬಾಯಿದ್ದವರು ಗೆದ್ದರು. ಎರೆಭೂತದ ಪರವಾಗಿ ಸಸಿ ಕೀಳುವವರು ಯಾರೂ ಇರಲಿಲ್ಲ. ರಾಜ್ಯದಲ್ಲಿ ಹೊಸದಾಗಿ ನೀಲಗಿರಿ ನೆಡಬಾರದೆಂಬ ಸರ್ಕಾರದ ಆಜ್ಞೆ ಬಂದದ್ದು 2017ರಲ್ಲಿ. ಅಷ್ಟು ಹೊತ್ತಿಗೆ ರಾಣೆಬೆನ್ನೂರಿನ ಬಯಲು ಮೌನವಾಗಿತ್ತು.

ಕಡಲಿನ ಕಡೆಗೊಮ್ಮೆ ನೋಡಿದರೆ ಈ ಸಂಗತಿ ಇನ್ನಷ್ಟು ಸ್ಪಷ್ಟವಾದೀತು. ತಿಮಿಂಗಿಲಗಳ ಸಂತತಿಯೂ ಹೀಗೆಯೇ ಅಳಿವಿನ ಅಂಚಿಗೆ ಬಂದಿತ್ತು. 1946ರಲ್ಲಿ ರಾಷ್ಟ್ರಗಳು ಒಪ್ಪಂದ ಮಾಡಿಕೊಂಡವು. 1986ರಿಂದ ವಾಣಿಜ್ಯಕ್ಕಾಗಿ ನಡೆಯುವ ಬೇಟೆಗೆ ತಡೆ ಬಂದಿತು. ಕೆಲವು ದೇಶಗಳು ಅದನ್ನು ಮನ್ನಿಸದಿದ್ದರೂ ಗೂನುಬೆನ್ನಿನ ತಿಮಿಂಗಿಲದಂಥವು ಮತ್ತೆ ಹೆಚ್ಚಿದವು. ಅವುಗಳ ಮುಖ್ಯ ಶತ್ರು ಈಟಿ. ಈಟಿ ನಿಂತಾಗ ಮರಳಿ ಬಾಳಲು ಕಡಲು ಇದ್ದಲ್ಲಿಯೇ ಇತ್ತು. ಕಡಲಿನಲ್ಲಿ ನೀಲಗಿರಿ ನೆಡುವ ಉಪಾಯ ಇನ್ನೂ ಯಾರಿಗೂ ಹೊಳೆದಿಲ್ಲ.

ಈಗ ಎರೆಭೂತದ ವಿಚಾರಣೆ ನಡೆಯುವುದು ಹೆಚ್ಚಾಗಿ ರಾಜಸ್ಥಾನದಲ್ಲಿ. ಇಡೀ ದೇಶದಲ್ಲಿ ಉಳಿದಿರುವುವು ಸುಮಾರು ನೂರೈವತ್ತು. ಬಹುಪಾಲು ಜೈಸಲ್ಮೇರಿನ ಸುತ್ತ. ಭಾರವಾದ ಮೈ, ಎದುರಿಗಿರುವುದನ್ನು ಸರಿಯಾಗಿ ಕಾಣದ ಕಣ್ಣು. ಆದುದರಿಂದ ಹಾರುವಾಗ ವಿದ್ಯುತ್ ತಂತಿಗೆ ಬಡಿದು ಸಾಯುತ್ತವೆ. ತಂತಿಗಳನ್ನು ನೆಲದಡಿಯಲ್ಲಿ ಒಯ್ಯಬೇಕೆಂದು 2021ರಲ್ಲಿ ಆಜ್ಞೆ ಮಾಡಿದ್ದ ಸುಪ್ರೀಂ ಕೋರ್ಟು, ಸೂರ್ಯಶಕ್ತಿಯ ಅಗತ್ಯವನ್ನೂ ತೂಗಿ ನೋಡಿ 2024ರಲ್ಲಿ ಅದನ್ನು ಸಡಿಲಿಸಿತು. ಜೈಸಲ್ಮೇರಿನ ಸಂವರ್ಧನ ಕೇಂದ್ರದಲ್ಲಿ 2024ರಲ್ಲಿ ಕೃತಕ ಗರ್ಭಧಾರಣೆಯಿಂದಲೇ ಒಂದು ಮರಿ ಹುಟ್ಟಿತು. ಸಂತೋಷದ ಸುದ್ದಿಯೇ ಸರಿ. ಆದರೆ ಕೇಂದ್ರದಲ್ಲಿ ಬೆಳೆದ ಮರಿಯನ್ನು ಒಂದು ದಿನ ಬಯಲಿಗೆ ಬಿಡಬೇಕಲ್ಲವೆ? ಬಯಲೆಲ್ಲಿ?

ಕರ್ನಾಟಕದ ಪಾಲಿಗೆ ಉಳಿದಿರುವುವು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆಯ ಕೆಲವು ಹಕ್ಕಿಗಳು; ಎಣಿಸಲು ಒಂದು ಕೈಯ ಬೆರಳು ಸಾಕೋ, ಎರಡು ಕೈ ಬೇಕೋ ಎಂಬಂತಿದೆ ಸ್ಥಿತಿ. ಅಲ್ಲಿಯೂ ಅವುಗಳ ಓಡಾಟ ರೈತರ ಹೊಲಗಳಲ್ಲಿ. ಯಾವುದಾದರೊಂದು ತಾಯಿ ಉತ್ತ ಹೊಲದ ಅಂಚಿನಲ್ಲಿ ಒಂದು ಮೊಟ್ಟೆ ಇಟ್ಟರೆ, ಕಾವಿನ ಆ ಒಂದು ತಿಂಗಳು ಅತ್ತ ಟ್ರ್ಯಾಕ್ಟರು ತಿರುಗದಂತೆ ರೈತನನ್ನು ಕೇಳಿಕೊಳ್ಳಬೇಕು. ಆ ಹೊಲದ ಬೆಳೆಯ ನಷ್ಟವನ್ನು ಯಾರಾದರೂ ಅವನಿಗೆ ಕಟ್ಟಿಕೊಡಬೇಕು.